ಗುಜರಿಯ ಐದು ರೌಟರ್, ಮನೆಯಲ್ಲೊಂದು ಫ್ರೇಮ್ ರಿಲೇ ಸ್ವಿಚ್

ಅಕ್ಕನ ಮಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾನೆ. ಮೇ ತಿಂಗಳ ಒಂದು ಸಂಜೆ ಕಾವೂರಿನ ನಮ್ಮ ಮನೆಗೆ ಬಂದವನು ಲ್ಯಾಪ್‌ಟಾಪ್ ತೆರೆದು ಸಿಮ್ಯುಲೇಟರಿನಲ್ಲಿ ಫ್ರೇಮ್ ರಿಲೇಯ (ದೂರದ ಊರುಗಳ ಆಫೀಸುಗಳನ್ನು ನಡುವಿನ ಸ್ವಿಚ್ ಮೂಲಕ ಜೋಡಿಸುತ್ತಿದ್ದ ಹಳೆಯ ವಿಧಾನ) ಏನೋ ಪ್ರಯೋಗ ಮಾಡುತ್ತಿದ್ದ. ಒಂದು ಮೋಡದ ಚಿತ್ರ, ಅದಕ್ಕೆ ಮೂರು ರೌಟರ್. ಕಾಗದ ನೋಡಿಕೊಂಡು ಕಮಾಂಡ್ ಹೊಡೆದ, ಪಿಂಗ್ (ಆಚೆ ತುದಿ ಉತ್ತರ ಕೊಡುತ್ತದಾ ಅಂತ ನೋಡುವ ಪರೀಕ್ಷೆ) ಹೋಯಿತು, ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡ.

"ಆ ಮೋಡದ ಒಳಗೆ ಎಂಥ ಉಂಟು?" ಅಂತ ಕೇಳಿದೆ.

"ಅದು ಮೋಡ ಅಲ್ವಾ ಮಾವ, ಅದರೊಳಗೆ ಎಂಥ ಇರ್ತದೆ?"

ನಗು ಬಂತು. ಆದರೆ ನನ್ನ ಸ್ಥಿತಿಯೂ ಅದಕ್ಕಿಂತ ದೊಡ್ಡದೇನಲ್ಲ. ನನ್ನದು ಸಿಸಿಟಿವಿ, ಕೇಬಲಿಂಗ್ ಕೆಲಸ. ಹೊಸದಾಗಿ ಕೆಲಸಕ್ಕೆ ಸೇರಿದಾಗ 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್) ಲೀಸ್ಡ್ ಲೈನುಗಳ, ಅಂದರೆ ಆಫೀಸುಗಳು ಬಾಡಿಗೆಗೆ ಪಡೆಯುವ ಖಾಸಗಿ ಲೈನುಗಳ ಮೋಡೆಮ್ ಆಫ್ ಮಾಡಿ ಆನ್ ಮಾಡಿದ್ದೇನೆ, ರೌಟರಿನ ದೀಪ ನೋಡಿ ಫೋನಿನಲ್ಲಿ ಹೇಳಿದ್ದೇನೆ. ಲೈನಿನ ಆಚೆ ತುದಿಯ ಸ್ವಿಚ್ಚಿನಲ್ಲಿ ಕನೆಕ್ಷನ್ ಹೇಗೆ ಕೂರಿಸುತ್ತಾರೆ ಅನ್ನುವುದು ನನಗೂ ಮೋಡವೇ ಆಗಿತ್ತು. ಜೂನಿನಲ್ಲಿ ಮಳೆ ಹಿಡಿದರೆ ನನಗೆ ಹೊರಗಿನ ಕೆಲಸ ಕಡಿಮೆ. ಹಾಗಾಗಿ ಇಬ್ಬರೂ ಸೇರಿ ಮೋಡವನ್ನು ಮನೆಯಲ್ಲೇ ಕಟ್ಟುವ ಅಂತ ಹೊರಟೆವು. ಆದದ್ದನ್ನು ಆದ ಹಾಗೆ ಬರೆದಿದ್ದೇನೆ. ಕಮಾಂಡುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ, ಕೀಬೋರ್ಡಿನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಬೇಕು ಅನ್ನುವುದನ್ನು ಹೇಳಬೇಕಾಗಿಲ್ಲ.

ಜೂನ್ 8, ಭಾನುವಾರ: ಬಂದರಿನ ಗುಜರಿ

ಮಂಗಳೂರಿನಲ್ಲಿ ಇಂಥ ಹಳೆ ಸಾಮಾನು ಹುಡುಕಲು ಕಷ್ಟವಿಲ್ಲ. 1906ರಿಂದ 1931ರೊಳಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ್ದು ನಮ್ಮ ಹಳೆಯ ಅವಿಭಜಿತ ಜಿಲ್ಲೆಯಲ್ಲಿ. ಬ್ಯಾಂಕು, ಫೈನಾನ್ಸು, ಗೇರುಬೀಜದ ಕಾರ್ಖಾನೆ, ಎಲ್ಲ ಕಡೆಯೂ ಒಂದು ಕಾಲದಲ್ಲಿ ಲೀಸ್ಡ್ ಲೈನ್ ಇತ್ತು. ಲೈನ್ ಇದ್ದಲ್ಲಿ ರೌಟರ್ ಇತ್ತು. ಫೈಬರ್ ಬಂದ ಮೇಲೆ ಅವೆಲ್ಲ ಎಲ್ಲಿಗೋ ಹೋಗಲೇಬೇಕಲ್ಲ.

ಬಂದರಿನ ಒಂದು ಗುಜರಿ ಅಂಗಡಿಯಲ್ಲಿ ಸಿಸ್ಕೋ ಕಂಪನಿಯ ಐದು ರೌಟರ್ ಪೆಟ್ಟಿಗೆಗಳು ಸಿಕ್ಕಿದವು. 2610 ಮಾದರಿಯದು ಎರಡು, 2611 ಎರಡು, 1721 ಒಂದು. ಮುಖ್ಯ ಅದೃಷ್ಟ ಏನೆಂದರೆ ಒಂದು 2610ರ ಹಿಂದೆ ಎನ್‌ಎಂ-4ಎ/ಎಸ್ ಮಾಡ್ಯೂಲ್ ಇತ್ತು. ನಾಲ್ಕು ಸೀರಿಯಲ್ ಪೋರ್ಟು, ಅಂದರೆ ದೂರದ ಲೈನಿಗೆ ಜೋಡಿಸುವ ಪೋರ್ಟು. ಅದಿಲ್ಲದಿದ್ದರೆ ಸ್ವಿಚ್ ಮಾಡುವ ಯೋಚನೆ ಅಲ್ಲಿಗೇ ಮುಗಿಯುತ್ತಿತ್ತು. ಉಳಿದವುಗಳಲ್ಲಿ ಒಂದೇ ಸೀರಿಯಲ್ ಪೋರ್ಟಿನ ಡಬ್ಲ್ಯುಐಸಿ-1ಟಿ ಕಾರ್ಡ್ ಒಂದೊಂದು.

ಅಂಗಡಿಯ ಕಾಕ ಒಂದಕ್ಕೆ 600 ಹೇಳಿದರು. ಐದಕ್ಕೂ ಸೇರಿ 2500ಕ್ಕೆ ಬಂದರು. "ಆನ್ ಆಗ್ತದಾ ಕಾಕ?" ಅಂತ ಕೇಳಿದ್ದಕ್ಕೆ, "ತೂಕಕ್ಕೆ ಬಂದದ್ದು ಮಾರಾಯ, ಆನ್ ಮಾಡಿ ನೋಡ್ಲಿಕ್ಕೆ ನಾನೆಂಥ ಇಂಜಿನಿಯರಾ?" ಅಂದರು. ಸರಿಯಾದ ಮಾತು.

ಮೊದಲನೇ ತಪ್ಪು ಅಲ್ಲೇ ಆಯಿತು. ಒಂದು ಗೋಣಿಯಲ್ಲಿ ವಿ.35 ಕೇಬಲುಗಳ ರಾಶಿ ಇತ್ತು. ದಪ್ಪ ನೀಲಿ ಕೇಬಲ್, ಒಂದು ತುದಿಯಲ್ಲಿ ರೌಟರಿಗೆ ಹೋಗುವ 60 ಪಿನ್ನಿನ ಕನೆಕ್ಟರ್, ಇನ್ನೊಂದು ತುದಿಯಲ್ಲಿ ಇಟ್ಟಿಗೆಯಂಥ 34 ಪಿನ್ನಿನ ವಿ.35. ಎರಡು ರೌಟರುಗಳನ್ನು ನೇರ ಜೋಡಿಸಲು ಒಂದು ಮೇಲ್ (ಪಿನ್ ಇರುವ ಗಂಡು ತುದಿ), ಒಂದು ಫೀಮೇಲ್ (ತೂತು ಇರುವ ಹೆಣ್ಣು ತುದಿ) ಬೇಕು. ಮೇಲ್ ಇರುವುದು ಡಿಟಿಇ ಕೇಬಲ್ (ಗಡಿಯಾರ, ಅಂದರೆ ಬಿಟ್ಟುಗಳು ಹೋಗುವ ವೇಗದ ತಾಳ, ಪಡೆಯುವ ಕಡೆ), ಫೀಮೇಲ್ ಇರುವುದು ಡಿಸಿಇ (ಅದನ್ನು ಕೊಡುವ ಕಡೆ). ಮಳೆ ಬರುತ್ತಿತ್ತು, ಗಡಿಬಿಡಿಯಲ್ಲಿ ಎಣಿಸಿ ಆರು ತೆಗೆದುಕೊಂಡೆ. ಮನೆಗೆ ಬಂದು ನೋಡಿದರೆ ನಾಲ್ಕು ಮೇಲ್, ಎರಡೇ ಫೀಮೇಲ್. ಮೋಡೆಮ್ಮಿಗೆ ಹೋಗುವ ಕೇಬಲ್ ಮೇಲ್ ಆದ್ದರಿಂದ ಗುಜರಿಯಲ್ಲಿ ಅದೇ ಜಾಸ್ತಿ ಇರುವುದು ಸಹಜ. ಮರುದಿನ ಹೋಗಿ ಗೋಣಿ ಪೂರ್ತಿ ಕೆದಕಿದೆ, ಸಿಗಲಿಲ್ಲ. ಎರಡೂ ಕಡೆ 60 ಪಿನ್ ಇರುವ, ಒಂದೇ ತುಂಡಿನ ಡಿಟಿಇ-ಡಿಸಿಇ ಕೇಬಲ್ ಒಂದನ್ನು ಆನ್‌ಲೈನಿನಲ್ಲಿ 850 ಕೊಟ್ಟು ತರಿಸಿದೆ. ಇಡೀ ಕೆಲಸದಲ್ಲಿ ತಪ್ಪಿಗೆ ಕೊಟ್ಟ ಅತಿ ದೊಡ್ಡ ದಂಡ ಅದೇ.

ಜೂನ್ 9, ಸೋಮವಾರ ರಾತ್ರಿ: ಕಿಲುಬು

ಐದನ್ನೂ ಬಿಚ್ಚಿದೆವು. ಒಳಗೆ ಜಿರಲೆ ಸಂಸಾರ, ಅದರ ವಿವರ ಬೇಡ. ಸಮುದ್ರದ ಗಾಳಿಗೆ 60 ಪಿನ್ನಿನ ಸಾಕೆಟ್ಟುಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ 120 ರೂಪಾಯಿಯ ಬಾಟ್ಲಿ, ಹಳೆಯ ಹಲ್ಲುಜ್ಜುವ ಬ್ರಷ್. ಒಂದು ಕೇಬಲಿನಲ್ಲಿ ಎರಡು ಪಿನ್ ಬಗ್ಗಿದ್ದವು, ಹೊಲಿಗೆ ಸೂಜಿಯಿಂದ ನಿಧಾನ ನೆಟ್ಟಗೆ ಮಾಡಿದೆ. ಈ ಕನೆಕ್ಟರಿನ ಪಿನ್ನುಗಳು ತುಂಬಾ ಮೆತ್ತಗೆ. ಜೋರು ಮಾಡಿ ತುರುಕಿದರೆ ಮುರಿದೇ ಹೋಗುತ್ತವೆ. ಕಿರುಗುಟ್ಟುತ್ತಿದ್ದ ಎರಡು ಫ್ಯಾನಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೊಂದು ಹನಿ.

ಮಾಡ್ಯೂಲ್ ಇಲ್ಲದ 2610 ಆನ್ ಆಗಲಿಲ್ಲ. ಅದನ್ನು ಬಿಡಿಭಾಗಕ್ಕೆ ಇಟ್ಟುಕೊಂಡೆ. ಉಳಿದ ನಾಲ್ಕು ಸಾಕು, ಒಂದು ಸ್ವಿಚ್, ಮೂರು ಊರು.

ಜೂನ್ 11, ಬುಧವಾರ: ಪಾಸ್‌ವರ್ಡ್

ಲ್ಯಾಪ್‌ಟಾಪಿನಿಂದ ರೌಟರಿಗೆ ಕಮಾಂಡ್ ಕೊಡುವ ಕನ್ಸೋಲ್ ಕೇಬಲ್ ನಾನೇ ಕ್ರಿಂಪ್ ಮಾಡಿದೆ. ಒಂದು ತುದಿಯ ಕ್ರಮ ಇನ್ನೊಂದು ತುದಿಯಲ್ಲಿ ಪೂರ್ತಿ ತಿರುಗುಮುರುಗು, 1ಕ್ಕೆ 8, 2ಕ್ಕೆ 7, ಹಾಗೆ. 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ನಾಲ್ಕರಲ್ಲೂ ಅಕ್ಷರ ಮೂಡಿತು. ನಾಲ್ಕರಲ್ಲೂ ಪಾಸ್‌ವರ್ಡ್ ಕೇಳಿತು.

ಇದಕ್ಕೆ ದಾರಿ ಎಲ್ಲರಿಗೂ ಗೊತ್ತಿರುವುದೇ. ಆನ್ ಮಾಡಿದ ಮೊದಲ ಒಂದು ನಿಮಿಷದೊಳಗೆ ಬ್ರೇಕ್ ಕೀ ಒತ್ತಬೇಕು, ರೋಮ್‌ಮಾನ್ (ಪಾಸ್‌ವರ್ಡ್ ಕೇಳದ, ರಿಪೇರಿಗೆ ಇರುವ ಮೂಲ ಮೋಡ್) ಬರುತ್ತದೆ. ನಾನು ಒತ್ತಿದೆ. ಬರಲಿಲ್ಲ. ಇಪ್ಪತ್ತು ಸಲ ಆಫ್-ಆನ್ ಮಾಡಿದೆ. ಕಂಟ್ರೋಲ್-ಬ್ರೇಕ್, ಫಂಕ್ಷನ್ ಸೇರಿಸಿ ಬ್ರೇಕ್, ಮೆನುವಿನಿಂದ ಬ್ರೇಕ್, ಯಾವುದಕ್ಕೂ ಕ್ಯಾರೇ ಇಲ್ಲ. ರೌಟರ್ ಕೆಟ್ಟಿದೆ ಅಂತ ಒಂದೂವರೆ ಗಂಟೆ ನಂಬಿ ಕೂತಿದ್ದೆ. ಕೆಟ್ಟದ್ದು ರೌಟರ್ ಅಲ್ಲ. ನನ್ನ ಹತ್ತಿರ ಇದ್ದ ಅಗ್ಗದ ಯುಎಸ್‌ಬಿ-ಸೀರಿಯಲ್ ಕೇಬಲ್ ಅಕ್ಷರ ಕಳಿಸುತ್ತಿತ್ತು, ಬ್ರೇಕ್ ಮಾತ್ರ ಕಳಿಸುತ್ತಿರಲಿಲ್ಲ.

ಆ ರಾತ್ರಿಯೇ ಕೆಲಸ ಆದದ್ದು ಒಂದು ಹಳೆಯ ಉಪಾಯದಿಂದ. ಟರ್ಮಿನಲ್ಲನ್ನು 9600ರ ಬದಲು 1200 ಬಾಡಿಗೆ ಇಳಿಸಿ, ರೌಟರ್ ಆನ್ ಮಾಡಿದ ಕೂಡಲೇ ಸ್ಪೇಸ್ ಬಾರ್ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಬೇಕು. 1200ರಲ್ಲಿ ಹೋಗುವ ಒಂದು ಅಕ್ಷರ 9600ರಲ್ಲಿ ಕೇಳುವ ರೌಟರಿಗೆ ಉದ್ದನೆಯ ಬ್ರೇಕ್ ತರಹ ಕಾಣುತ್ತದೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ, ಗಾಬರಿ ಬೇಡ. ಮತ್ತೆ 9600ಕ್ಕೆ ಬಂದರೆ ರೋಮ್‌ಮಾನ್ ಕಾದು ಕೂತಿರುತ್ತದೆ. ಅಳಿಯ ಅದನ್ನು ನೋಡಿ ಚಪ್ಪಾಳೆ ಹೊಡೆದ. ನಂತರ ಒಳ್ಳೆಯ ಎಫ್‌ಟಿಡಿಐ ಚಿಪ್ಪಿನ ಕೇಬಲ್ 780 ಕೊಟ್ಟು ತಂದೆ, ಆದರೆ ಆ ಉಪಾಯದ ಖುಷಿ ಅದರಲ್ಲಿ ಇಲ್ಲ.

ಮುಂದಿನದು ಸರಳ. ಕಾನ್ಫ್‌ರೆಗ್ 0ಎಕ್ಸ್2142, ರೀಸೆಟ್. ಹೀಗೆ ಮಾಡಿದರೆ ಒಳಗೆ ಉಳಿಸಿಟ್ಟ ಕಾನ್ಫಿಗರೇಶನ್ನನ್ನು ಓದದೆ ರೌಟರ್ ಏಳುತ್ತದೆ. ಯಾರದ್ದು, ಯಾವ ಊರಿನದು ಅಂತ ತೆರೆದು ನೋಡದೆ ರೈಟ್ ಇರೇಸ್ ಕೊಟ್ಟು ಅಳಿಸಿದೆ. ಅಳಿಯನಿಗೆ ನೋಡುವ ಆಸೆ ಇತ್ತು. ಬೇರೆಯವರ ಮನೆಯ ಬೀಗ ತೆಗೆಯಲು ಬರುತ್ತದೆ ಅಂತ ಒಳಗೆ ಹೋಗುವುದಲ್ಲ ಅಂದೆ. ಕೊನೆಗೆ ರಿಜಿಸ್ಟರನ್ನು (ರೌಟರ್ ಹೇಗೆ ಏಳಬೇಕು ಅಂತ ಹೇಳುವ ಆ ಸಂಖ್ಯೆಯನ್ನು) ಮತ್ತೆ 0ಎಕ್ಸ್2102ಕ್ಕೆ ಹಾಕಬೇಕು. ಮೂರರಲ್ಲಿ ಹಾಕಿದೆ. ನಾಲ್ಕನೆಯದರಲ್ಲಿ ಮರೆತೆ. ಅದರ ಫಲ ಆರು ದಿನ ಕಳೆದು ಸಿಕ್ಕಿತು, ಮುಂದೆ ಹೇಳುತ್ತೇನೆ.

ಜೂನ್ 14, ಶನಿವಾರ: ಪಂಪ್‌ವೆಲ್

ಹೆಸರಿಡುವ ಕೆಲಸ ಅಳಿಯನದ್ದು. ಮೂರು ರೌಟರಿಗೆ ಕುಡ್ಲ (ಮಂಗಳೂರು), ಒಡಿಪು (ಉಡುಪಿ), ಕುಂದಾಪ್ರ (ಕುಂದಾಪುರ). ನಡುವಿನ ಸ್ವಿಚ್ಚಿಗೆ ಮಂಗಳೂರಿನ ದೊಡ್ಡ ಸರ್ಕಲ್ಲಿನ ಹೆಸರು, ಪಂಪ್‌ವೆಲ್. "ಎಲ್ಲ ಕಡೆಯಿಂದ ಬಂದು ಅಲ್ಲೇ ಸಿಕ್ಕಿ ಹಾಕಿಕೊಳ್ಳುವುದು ಅಲ್ವಾ ಮಾವ" ಅಂದ. ಹೆಸರು ಶಕುನದ ಹಾಗೆ ನಿಜವಾಯಿತು.

ಪಂಪ್‌ವೆಲ್ಲಿನ ಸೀರಿಯಲ್ 1/0ಗೆ ಕುಡ್ಲ, 1/1ಕ್ಕೆ ಒಡಿಪು, 1/2ಕ್ಕೆ ಕುಂದಾಪ್ರ. ಸ್ವಿಚ್ಚಿನಲ್ಲಿ ಮೊದಲು ಒಂದೇ ಒಂದು ಸಾಲು:

ಫ್ರೇಮ್-ರಿಲೇ ಸ್ವಿಚಿಂಗ್

ಆಮೇಲೆ ಪ್ರತಿ ಪೋರ್ಟಿಗೆ:

ಎನ್‌ಕ್ಯಾಪ್ಸುಲೇಶನ್ ಫ್ರೇಮ್-ರಿಲೇ
ಕ್ಲಾಕ್ ರೇಟ್ 64000
ಫ್ರೇಮ್-ರಿಲೇ ಇಂಟ್ಫ್-ಟೈಪ್ ಡಿಸಿಇ
ನೋ ಶಟ್‌ಡೌನ್

1/0ರಲ್ಲಿ ಎಲ್ಲ ಸರಿ. 1/1ರಲ್ಲಿ ಕ್ಲಾಕ್ ರೇಟ್ ಹೊಡೆದರೆ, ಇದು ಡಿಸಿಇ ಇಂಟರ್ಫೇಸಿಗೆ ಮಾತ್ರ ಅನ್ವಯ ಅಂತ ಬೈದಿತು. ಶೋ ಕಂಟ್ರೋಲರ್ಸ್ ಸೀರಿಯಲ್ 1/1 ನೋಡಿದರೆ, ಡಿಟಿಇ ವಿ.35. ಕೇಬಲ್ ಜೋಡಿಯನ್ನು ಉಲ್ಟಾ ಹಾಕಿದ್ದೆ. ಫೀಮೇಲ್ ಇರುವ ಕೇಬಲ್ ಸ್ವಿಚ್ಚಿನ ಕಡೆ ಇರಬೇಕು, ಯಾಕೆಂದರೆ ಗಡಿಯಾರ ಕೊಡುವುದು ಸ್ವಿಚ್. ತಿರುಗಿಸಿ ಹಾಕಿದ ಮೇಲೆ ಸರಿ ಹೋಯಿತು.

1/2ರ ಕಥೆ ಬೇರೆ. ಅಲ್ಲಿ ಕೇಬಲ್ ಸರಿ ಇತ್ತು, ಗಡಿಯಾರವೂ ಬಂತು. ಆದರೆ ಲೈನ್ ಪ್ರೋಟೋಕಾಲ್ ಸ್ವಲ್ಪ ಹೊತ್ತು ಅಪ್ ಇದ್ದು ಡೌನ್ ಆಗುತ್ತಿತ್ತು. ಇಲ್ಲಿ ನಾನು ಮಾಡಿದ ತಪ್ಪನ್ನು ಬಹಳ ಜನ ಮಾಡಬಹುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಸಿಇ ಅನ್ನುವ ಶಬ್ದ ಇಲ್ಲಿ ಎರಡು ಕಡೆ ಬರುತ್ತದೆ. ಒಂದು ಕೇಬಲಿನ ಡಿಸಿಇ, ಅಂದರೆ ಯಾರು ಗಡಿಯಾರ ಕೊಡುತ್ತಾರೆ ಅನ್ನುವುದು. ಇನ್ನೊಂದು ಫ್ರೇಮ್ ರಿಲೇಯ ಡಿಸಿಇ, ಅಂದರೆ ಎಲ್‌ಎಂಐ (ಲೈನ್ ಜೀವಂತ ಇದೆಯಾ ಅಂತ ರೌಟರ್ ಸ್ವಿಚ್ಚನ್ನು ಆಗಾಗ ಕೇಳುವ ವ್ಯವಸ್ಥೆ) ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ ಅನ್ನುವುದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಕೇಬಲ್ ಡಿಸಿಇ ಇದೆಯಲ್ಲ ಅಂತ 1/2ರಲ್ಲಿ ಇಂಟ್ಫ್-ಟೈಪ್ ಸಾಲನ್ನು ಸುಮ್ನೆ ಬಿಟ್ಟಿದ್ದೆ. ಆಗ ಎರಡು ತುದಿಯೂ "ಇದ್ದೀಯಾ?" ಅಂತ ಕೇಳುತ್ತಲೇ ಇರುತ್ತವೆ, "ಇದ್ದೇನೆ" ಅನ್ನುವವರು ಯಾರೂ ಇಲ್ಲ. ಕುಂದಾಪ್ರದಲ್ಲಿ ಶೋ ಫ್ರೇಮ್-ರಿಲೇ ಎಲ್‌ಎಂಐ ಕೊಟ್ಟರೆ, ಕಳಿಸಿದ ಪ್ರಶ್ನೆ ಏರುತ್ತಾ ಹೋಗುತ್ತಿತ್ತು, ಬಂದ ಉತ್ತರ ಸೊನ್ನೆಯಲ್ಲೇ ಇತ್ತು. ಆ ಎರಡು ಅಂಕಿ ನೋಡಿದರೆ ಸಾಕು, ಬೇರೇನೂ ನೋಡಬೇಕಾಗಿಲ್ಲ.

ಜೂನ್ 15, ಭಾನುವಾರ: ನಂಬರು ಯಾರದ್ದು?

ಈ ದಿನವೇ ಮುಖ್ಯ. ಈ ಬರಹ ಬರೆಯಲು ಕೂತದ್ದೂ ಈ ದಿನಕ್ಕಾಗಿಯೇ.

ಕನೆಕ್ಷನ್ ಅಂದರೆ ಪಿವಿಸಿ. ಪೈಪಿನ ಪಿವಿಸಿ ಅಲ್ಲ, ಪರ್ಮನೆಂಟ್ ವರ್ಚುವಲ್ ಸರ್ಕ್ಯೂಟ್, ಎರಡು ಊರಿನ ನಡುವೆ ಸದಾ ಇರುವ ಕಾಲ್ಪನಿಕ ತಂತಿ. ಒಂದೇ ತಂತಿಯಲ್ಲಿ ಹಲವು ಪಿವಿಸಿ ಹೋಗಬಹುದು, ಒಂದೊಂದಕ್ಕೂ ಡಿಎಲ್‌ಸಿಐ ಅನ್ನುವ ನಂಬರ್. ಸಿಸ್ಕೋದಲ್ಲಿ ನಮ್ಮ ಬಳಕೆಗೆ ಸಿಗುವುದು 16ರಿಂದ 1007.

ಮೊದಲ ಪ್ರಯತ್ನದಲ್ಲಿ ಕುಡ್ಲ-ಒಡಿಪು ಕನೆಕ್ಷನ್ನಿಗೆ ಎರಡು ತುದಿಯಲ್ಲೂ 100 ಕೊಟ್ಟೆ. ಕನೆಕ್ಷನ್ ಒಂದೇ ಅಂದ ಮೇಲೆ ನಂಬರ್ ಒಂದೇ ಅಲ್ವಾ? ಕೆಲಸ ಮಾಡಿತು! ಪಿಂಗ್ ಐದಕ್ಕೆ ಐದು. ಇದು ಕೆಲಸ ಮಾಡದೆ ಹೋಗಿದ್ದರೆ ಒಳ್ಳೆಯದಿತ್ತು. ತಪ್ಪು ತಿಳಿವಳಿಕೆ ಗಟ್ಟಿಯಾಯಿತು.

ಕುಡ್ಲ-ಕುಂದಾಪ್ರ ಹಾಕಲು ಹೋದಾಗ ಕುಡ್ಲದ ತಂತಿಯಲ್ಲಿ 100 ಆಗಲೇ ಬಳಕೆಯಲ್ಲಿತ್ತು. ಹಾಗಾದರೆ ಇದು ಊರಿನ ನಂಬರ್ ಇರಬೇಕು, ಎಸ್‌ಟಿಡಿ ಕೋಡ್ ತರಹ, ಅಂತ ನಾನು ತೀರ್ಮಾನಿಸಿದೆ. ಕುಡ್ಲ 100, ಒಡಿಪು 200, ಕುಂದಾಪ್ರ 300. ಸ್ವಿಚ್ಚಿನಲ್ಲಿ ಹಾಕಿದ್ದು ಹೀಗೆ: 1/0ರಲ್ಲಿ 200 ಬಂದರೆ 1/1ಕ್ಕೆ 100 ಆಗಿ ಹೋಗು, 300 ಬಂದರೆ 1/2ಕ್ಕೆ 100 ಆಗಿ ಹೋಗು, ವಾಪಸ್ಸಿಗೂ ಅದೇ ರೀತಿ. ಸ್ವಿಚ್ಚಿನ ಮಟ್ಟಿಗೆ ಇದು ಸರಿಯೇ. ಹೀಗೆ ನಂಬರ್ ಕೊಡುವ ಕ್ರಮವೂ ಇದೆ.

ಎಡವಿದ್ದು ಒಡಿಪುವಿನಲ್ಲಿ. ಒಡಿಪುವಿನ ನಂಬರ್ 200 ಅಲ್ವಾ ಅಂತ ಅಲ್ಲಿ ಫ್ರೇಮ್-ರಿಲೇ ಮ್ಯಾಪ್ ಐಪಿ 10.1.1.1 200 ಅಂತ ಹೊಡೆದೆ, ಅಂದರೆ ಕುಡ್ಲದ ಐಪಿಗೆ 200ರಲ್ಲಿ ಹೋಗು ಅಂತ. ಪಿಂಗ್ ಇಲ್ಲ. ಶೋ ಫ್ರೇಮ್-ರಿಲೇ ಪಿವಿಸಿ ನೋಡಿದರೆ, ಡಿಎಲ್‌ಸಿಐ 200, ಸ್ಟೇಟಸ್ ಡಿಲೀಟೆಡ್.

ಡಿಲೀಟೆಡ್! ನಾನು ಯಾವುದನ್ನೂ ಡಿಲೀಟ್ ಮಾಡಿಯೇ ಇಲ್ಲ. ಆ ಶಬ್ದ ನೋಡಿ, ಸ್ವಿಚ್ ತಾನೇ ಅಳಿಸುತ್ತಿದೆ ಅಂದುಕೊಂಡು ಅಲ್ಲಿಗೆ ಹೋಗಿ ಸಾಲುಗಳನ್ನು ಮತ್ತೆ ಮತ್ತೆ ಹೊಡೆದೆ. ಕೇಬಲ್ ಬದಲಿಸಿದೆ. ಕಾರ್ಡ್ ಬದಲಿಸಿದೆ. ಎರಡು ಗಂಟೆ ಹೋಯಿತು. ಅದೇ ಪರದೆಯ ಕೆಳಗೆ ಡಿಎಲ್‌ಸಿಐ 100, ಸ್ಟೇಟಸ್ ಆಕ್ಟಿವ್ ಅಂತ ಇನ್ನೊಂದು ಸಾಲು ಇತ್ತು. ಎರಡು ಗಂಟೆಯೂ ಇತ್ತು. ನಾನು ನೋಡಲಿಲ್ಲ, ನೋಡಿದ್ದು ಅಳಿಯ. "ಮಾವ, ನಾವು ಕೊಡದ ನಂಬರ್ ಒಂದು ಇಲ್ಲಿ ಆಕ್ಟಿವ್ ಉಂಟು" ಅಂದ.

ಅಲ್ಲಿಗೆ ಬೆಳಕು ಹತ್ತಿತು. ಡಿಎಲ್‌ಸಿಐ ಕನೆಕ್ಷನ್ನಿನ ನಂಬರೂ ಅಲ್ಲ, ಊರಿನ ನಂಬರೂ ಅಲ್ಲ. ನನ್ನ ರೌಟರಿನಿಂದ ಸ್ವಿಚ್ಚಿನವರೆಗಿನ ಆ ಒಂದು ತಂತಿಯಲ್ಲಿ ಮಾತ್ರ ನಡೆಯುವ ನಂಬರು. ಉಡುಪಿ ಮಠದಲ್ಲಿ ಚಪ್ಪಲಿ ಇಟ್ಟು 16ನೇ ಟೋಕನ್ ತೆಗೆದುಕೊಂಡು, ಅದನ್ನು ಕಟೀಲು ದೇವಸ್ಥಾನದಲ್ಲಿ ಕೊಟ್ಟರೆ ಚಪ್ಪಲಿ ಸಿಗುವುದಿಲ್ಲ. ಕಟೀಲಿನಲ್ಲಿಯೂ 16 ಇರಬಹುದು, ಅದು ಬೇರೆಯವರ ಚಪ್ಪಲಿ. ಸ್ವಿಚ್ ಮಾಡುವುದು ಇಷ್ಟೇ: ಈ ಪೋರ್ಟಿನಲ್ಲಿ ಈ ಟೋಕನ್ ಹಿಡಿದು ಬಂದವನ ಕೈಯಿಂದ ಅದನ್ನು ಕಿತ್ತುಕೊಂಡು, ಆ ಪೋರ್ಟಿನ ಟೋಕನ್ ಕೊಟ್ಟು ಆಚೆ ತಳ್ಳುವುದು. ಐಪಿ ನೋಡುವುದಿಲ್ಲ, ಹೆಸರು ನೋಡುವುದಿಲ್ಲ. ಮೋಡದ ಒಳಗೆ ಇದ್ದದ್ದು ಒಂದು ಸಣ್ಣ ಪಟ್ಟಿ. ದೊಡ್ಡ ನೆಟ್‌ವರ್ಕುಗಳಲ್ಲಿ ಬಳಸುವ ಈಗಿನ ಎಂಪಿಎಲ್‌ಎಸ್‌ನಲ್ಲೂ ಲೇಬಲ್ ಪ್ರತಿ ಹೆಜ್ಜೆಗೆ ಹೀಗೇ ಬದಲಾಗುತ್ತದೆ, ಹಾಗಾಗಿ ಈ ಕಲಿಕೆ ಪೂರ್ತಿ ಹಳತಾಗಿಲ್ಲ.

ಡಿಲೀಟೆಡ್ ಅಂದರೆ, ಈ ತಂತಿಯಲ್ಲಿ ಇಂಥ ನಂಬರ್ ಸ್ವಿಚ್ಚಿಗೆ ಗೊತ್ತೇ ಇಲ್ಲ ಅಂತ ಅರ್ಥ. ಇನ್‌ಆಕ್ಟಿವ್ ಅಂದರೆ ನಿನ್ನ ಕಡೆ ಸರಿ ಇದೆ, ಆಚೆ ತುದಿಯಲ್ಲಿ ತೊಂದರೆ. ಇಷ್ಟು ಗೊತ್ತಿದ್ದರೆ ಎರಡು ಗಂಟೆ ಉಳಿಯುತ್ತಿತ್ತು.

ಎಲ್ಲ ಅಳಿಸಿ, ಗೊಂದಲ ಆಗದ ಹಾಗೆ ಹೊಸ ನಂಬರ್ ಕೊಟ್ಟೆವು. ಕುಡ್ಲ 1, ಒಡಿಪು 2, ಕುಂದಾಪ್ರ 3. 1ರಿಂದ 2ಕ್ಕೆ ಹೋಗುವ ಟೋಕನ್ 102, 2ರಿಂದ 1ಕ್ಕೆ 201. ಪಂಪ್‌ವೆಲ್ಲಿನಲ್ಲಿ:

1/0ರ ಕೆಳಗೆ: ಫ್ರೇಮ್-ರಿಲೇ ರೂಟ್ 102 ಇಂಟರ್ಫೇಸ್ ಸೀರಿಯಲ್ 1/1 201
1/0ರ ಕೆಳಗೆ: ಫ್ರೇಮ್-ರಿಲೇ ರೂಟ್ 103 ಇಂಟರ್ಫೇಸ್ ಸೀರಿಯಲ್ 1/2 301
1/1ರ ಕೆಳಗೆ: ಫ್ರೇಮ್-ರಿಲೇ ರೂಟ್ 201 ಇಂಟರ್ಫೇಸ್ ಸೀರಿಯಲ್ 1/0 102
1/2ರ ಕೆಳಗೆ: ಫ್ರೇಮ್-ರಿಲೇ ರೂಟ್ 301 ಇಂಟರ್ಫೇಸ್ ಸೀರಿಯಲ್ 1/0 103

ರೌಟರುಗಳಲ್ಲಿ ಮ್ಯಾಪ್ ಸಾಲುಗಳನ್ನು ತೆಗೆದು ಬರೀ ಐಪಿ ಕೊಟ್ಟೆ, 10.1.1.1, .2, .3. ಇನ್‌ವರ್ಸ್ ಆರ್ಪ್ (ಪಿವಿಸಿಯ ಆಚೆ ತುದಿಯ ಐಪಿಯನ್ನು ರೌಟರೇ ಕೇಳಿ ತಿಳಿಯುವ ವ್ಯವಸ್ಥೆ) ತಾನಾಗಿ ಕಲಿಯಲಿ ಅಂತ. ಹೊಡೆದ ಕೂಡಲೇ ಏನೂ ಆಗುವುದಿಲ್ಲ. ಎಲ್‌ಎಂಐ ಹತ್ತು ಸೆಕೆಂಡಿಗೊಮ್ಮೆ ಕೇಳುತ್ತದೆ, ಪಿವಿಸಿಗಳ ಪೂರ್ತಿ ಪಟ್ಟಿ ಬರುವುದು ಆರನೇ ಸಲಕ್ಕೆ. ಅಂದರೆ ಒಂದು ನಿಮಿಷ ತಾಳ್ಮೆ ಬೇಕು. ಬೆಳಿಗ್ಗೆಯಿಂದ ನಾನು ಇಪ್ಪತ್ತು ಸೆಕೆಂಡಿಗೇ ಆಗಲಿಲ್ಲ ಅಂತ ಸರಿ ಇದ್ದದ್ದನ್ನೂ ಬದಲಿಸುತ್ತಿದ್ದೆ. ಈ ಸಲ ಚಾ ಕುಡಿದು ಬಂದೆವು. ಎರಡೂ ಆಕ್ಟಿವ್.

ಕುಡ್ಲದಿಂದ ಪಿಂಗ್: 56, 60 ಮಿಲಿಸೆಕೆಂಡ್. ಲೆಕ್ಕ ಹಾಕಿ ನೋಡಿದೆವು. 100 ಬೈಟಿನ ಪಿಂಗಿಗೆ ಫ್ರೇಮಿನ ಹೊದಿಕೆ ಸೇರಿದರೆ ಸುಮಾರು 106 ಬೈಟ್, 64 ಕೆಬಿಪಿಎಸ್ ತಂತಿ ದಾಟಲು 13 ಮಿಲಿಸೆಕೆಂಡ್ ಚಿಲ್ಲರೆ. ಹೋಗುವಾಗ ಎರಡು ತಂತಿ, ಬರುವಾಗ ಎರಡು. 53. ಉಳಿದದ್ದು ಪೆಟ್ಟಿಗೆಗಳ ಮುದಿತನ.

ಸಂಜೆ ಒಡಿಪುವಿನಿಂದ ಕುಂದಾಪ್ರಕ್ಕೆ ಪಿಂಗ್ ಹೊಡೆದರೆ ಹೋಗಲಿಲ್ಲ. ಅವೆರಡರ ನಡುವೆ ಪಿವಿಸಿ ಇಲ್ಲ, ಇನ್‌ವರ್ಸ್ ಆರ್ಪ್ ಪಿವಿಸಿಯ ಆಚೆ ತುದಿಯನ್ನು ಮಾತ್ರ ಕಲಿಯುತ್ತದೆ. ಒಡಿಪುವಿನಲ್ಲಿ 10.1.1.3ಕ್ಕೆ 201ರಲ್ಲೇ ಹೋಗು ಅಂತ ಮ್ಯಾಪ್ ಕೊಟ್ಟೆ. ಆಗಲೂ ಇಲ್ಲ. ಹೋದ ಪಿಂಗಿಗೆ ವಾಪಸ್ ಬರುವ ದಾರಿ ಕುಂದಾಪ್ರಕ್ಕೆ ಗೊತ್ತಿರಲಿಲ್ಲ. ಅಲ್ಲಿಯೂ 10.1.1.2ಕ್ಕೆ 301 ಅಂತ ಕೊಟ್ಟ ಮೇಲೆ ಹೋಯಿತು, 112 ಮಿಲಿಸೆಕೆಂಡ್. ಉಳಿಸಿ, ಆಫ್ ಮಾಡದೆ ಮಲಗಿದೆವು.

ಜೂನ್ 17, ಮಂಗಳವಾರ: ಕರೆಂಟ್

ಮಧ್ಯಾಹ್ನ ಗಾಳಿಮಳೆಗೆ ಕರೆಂಟ್ ಹೋಯಿತು. ರೌಟರುಗಳನ್ನು ಇನ್ವರ್ಟರಿನ ಪಾಯಿಂಟಿಗೆ ಹಾಕಿರಲಿಲ್ಲ. ಎರಡು ಗಂಟೆ ಬಿಟ್ಟು ಕರೆಂಟ್ ಬಂದಾಗ ಕುಂದಾಪ್ರ ಹೊಸ ಮಗುವಿನ ಹಾಗೆ, ಸೆಟಪ್ ಮಾಡಬೇಕಾ ಅಂತ ಕೇಳುತ್ತಾ ಕೂತಿತ್ತು. ಉಳಿಸಿದ್ದೆಲ್ಲ ಮಾಯ.

ಹಳೆಯ ಪೆಟ್ಟಿಗೆ, ಎನ್‌ವಿರ‍್ಯಾಮ್ (ಕಾನ್ಫಿಗರೇಶನ್ ಉಳಿಸುವ ಮೆಮೊರಿ) ಸತ್ತಿದೆ ಅಂತ ಅಳಿಯನಿಗೆ ಹೇಳಿಯೂ ಆಗಿತ್ತು. ಆಮೇಲೆ ಶೋ ವರ್ಷನ್ ಕೊಟ್ಟರೆ ಕೊನೆಯ ಸಾಲಿನಲ್ಲಿ 0ಎಕ್ಸ್2142. ಬುಧವಾರ ಮರೆತಿದ್ದ ಆ ನಾಲ್ಕನೆಯ ರೌಟರ್ ಇದೇ. ಉಳಿಸಿದ್ದು ಒಳಗೇ ಇತ್ತು, ಓದಬೇಡ ಅಂತ ನಾನೇ ಹೇಳಿಟ್ಟಿದ್ದೆ. ಕಾಪಿ ಸ್ಟಾರ್ಟಪ್ ರನ್ನಿಂಗ್ ಕೊಟ್ಟರೆ ಎಲ್ಲ ವಾಪಸ್ ಬಂತು, ಆದರೆ ಇಂಟರ್ಫೇಸುಗಳು ಶಟ್‌ಡೌನ್ ಆಗಿಯೇ ಇರುತ್ತವೆ. ನೋ ಶಟ್‌ಡೌನ್ ಪ್ರತ್ಯೇಕ ಕೊಡಬೇಕು. ಅದಕ್ಕೆ ಇನ್ನೂ ಹತ್ತು ನಿಮಿಷ ತಲೆ ಕೆರೆದುಕೊಂಡೆ. ನಂತರ ರಿಜಿಸ್ಟರ್ 2102 ಮಾಡಿ, ಮತ್ತೆ ಉಳಿಸಿ, ಬೇಕಂತಲೇ ಆಫ್-ಆನ್ ಮಾಡಿ ನೋಡಿದೆ.

ಅಷ್ಟಕ್ಕೆ ಮುಗಿಯಲಿಲ್ಲ. ಒಡಿಪುವಿನಿಂದ ಕುಡ್ಲಕ್ಕೆ ಪಿಂಗ್ ಇಲ್ಲ! ಭಾನುವಾರ ಇತ್ತು, ಒಂದಕ್ಷರ ಬದಲಿಸಿಲ್ಲ. ಪಿವಿಸಿ ಆಕ್ಟಿವ್. ಶೋ ಫ್ರೇಮ್-ರಿಲೇ ಮ್ಯಾಪ್ ನೋಡಿದರೆ 10.1.1.1ರ ಸಾಲೇ ಇಲ್ಲ, ನಾನು ಕೈಯಾರೆ ಕೊಟ್ಟ 10.1.1.3 ಮಾತ್ರ ಇದೆ. ವಿಷಯ ಏನೆಂದರೆ, ಒಂದು ಡಿಎಲ್‌ಸಿಐ ಮೇಲೆ ಐಪಿಗೆ ಕೈಯಿಂದ ಮ್ಯಾಪ್ ಕೊಟ್ಟರೆ ಅದರ ಮೇಲೆ ಇನ್‌ವರ್ಸ್ ಆರ್ಪ್ ನಿಂತು ಹೋಗುತ್ತದೆ. ಭಾನುವಾರ ಮೊದಲೇ ಕಲಿತದ್ದು ನೆನಪಿನಲ್ಲಿ ಇದ್ದುದರಿಂದ ನಡೆಯಿತು. ಕರೆಂಟ್ ಹೋದಾಗ ನೆನಪೂ ಹೋಯಿತು. ಮೂರು ರೌಟರಿನಲ್ಲೂ ಎಲ್ಲ ಮ್ಯಾಪ್ ಕೈಯಿಂದಲೇ ಕೊಟ್ಟೆ. ಒಡಿಪುವಿನಲ್ಲಿ ಹೀಗೆ:

ಫ್ರೇಮ್-ರಿಲೇ ಮ್ಯಾಪ್ ಐಪಿ 10.1.1.1 201 ಬ್ರಾಡ್‌ಕಾಸ್ಟ್
ಫ್ರೇಮ್-ರಿಲೇ ಮ್ಯಾಪ್ ಐಪಿ 10.1.1.3 201

ಒಂದೋ ಎಲ್ಲವನ್ನೂ ಅದಕ್ಕೆ ಬಿಡಿ, ಇಲ್ಲ ಎಲ್ಲವನ್ನೂ ನೀವೇ ಬರೆಯಿರಿ. ಅರ್ಧ ಅರ್ಧ ಮಾಡಿದರೆ ಮುಂದಿನ ಕರೆಂಟ್ ಕಟ್‌ವರೆಗೆ ಮಾತ್ರ ನಡೆಯುತ್ತದೆ.

ಜೂನ್ 22, ಭಾನುವಾರ: 84

ಒಡಿಪುವಿನಿಂದ ಕುಂದಾಪ್ರಕ್ಕೆ 112 ಮಿಲಿಸೆಕೆಂಡ್ ಅಂದರೆ, ಉಡುಪಿಯಲ್ಲಿ ಬಸ್ ಹತ್ತಿ ಮಂಗಳೂರಿಗೆ ಬಂದು, ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಇಳಿದು, ಮತ್ತೆ ಉಡುಪಿ ದಾಟಿಕೊಂಡು ಕುಂದಾಪುರಕ್ಕೆ ಹೋದ ಹಾಗೆ. ಅಕ್ಕ ಇದನ್ನು ಕೇಳಿ, "ಅಷ್ಟು ಬುದ್ಧಿ ಇಲ್ವಾ ಆ ಪೆಟ್ಟಿಗೆಗೆ?" ಅಂದಳು. ಇಲ್ಲ. ನೇರ ದಾರಿ ಹಾಕುವುದು ನಮ್ಮ ಕೆಲಸ.

ಪಂಪ್‌ವೆಲ್ಲಿನಲ್ಲಿ ಮೂರನೇ ಪಿವಿಸಿ. 1/1ರ 203 ಬಂದರೆ 1/2ಕ್ಕೆ 302, 1/2ರ 302 ಬಂದರೆ 1/1ಕ್ಕೆ 203. ಒಂದು ನಿಮಿಷ ಕಾದೆವು. ಎರಡೂ ಕಡೆ ಆಕ್ಟಿವ್. ಪಿಂಗ್ ಮಾತ್ರ ಇನ್ನೂ 112. ಇದು ನಿರೀಕ್ಷೆ ಮಾಡಿದ್ದೇ, ಹಳೆಯ ಮ್ಯಾಪ್ ಇನ್ನೂ 201ರಲ್ಲೇ ಕಳಿಸುತ್ತಿತ್ತು. ಒಡಿಪುವಿನಲ್ಲಿ ಅದನ್ನು ತೆಗೆದು 10.1.1.3ಕ್ಕೆ 203 ಕೊಟ್ಟೆ. ಈಗ 56 ಬರಬೇಕು.

84 ಬಂತು.

ಮತ್ತೆ ಹೊಡೆದೆ. 84, 88, 84. ಲೈನಿನಲ್ಲಿ ಎರರ್ ಇದೆಯಾ ಅಂತ ನಾನು ಶೋ ಇಂಟರ್ಫೇಸ್ ನೋಡುತ್ತಿದ್ದೆ, ಸಿಆರ್‌ಸಿ (ಕೆಟ್ಟು ಬಂದ ಫ್ರೇಮುಗಳ ಲೆಕ್ಕ) ಸೊನ್ನೆ. ಅಳಿಯ ರೆಕಾರ್ಡ್ ಪುಸ್ತಕದ ಹಿಂದಿನ ಪುಟದಲ್ಲಿ ಏನೋ ಗೀಚುತ್ತಿದ್ದ. "ಮಾವ, ಒಂದು ತಂತಿಗೆ 13 ಅಲ್ವಾ? 84 ಅಂದರೆ ಆರು ತಂತಿ. ಹೋಗುವಾಗ ಎರಡು, ಬರುವಾಗ ನಾಲ್ಕು. ಕುಂದಾಪ್ರದಲ್ಲಿ ನೀವು ಬದಲಿಸಲೇ ಇಲ್ಲ."

ಹೌದು. ಹೋಗುವುದು ನೇರ, ಬರುವುದು ಕುಡ್ಲ ಸುತ್ತಿಕೊಂಡು. ಕುಂದಾಪ್ರದಲ್ಲಿ 10.1.1.2ಕ್ಕೆ 302 ಕೊಟ್ಟ ಮೇಲೆ 56, 60, 56. ಸಿಮ್ಯುಲೇಟರಿನಲ್ಲಿ ಆಗಿದ್ದರೆ ಅವನು ಪಿಂಗ್ ಹೋಯಿತು ಅಂತ ಬರೆದು ಪುಸ್ತಕ ಮುಚ್ಚುತ್ತಿದ್ದ. ಬರೀ ಮಿಲಿಸೆಕೆಂಡ್ ಹಿಡಿದು ಹೀಗೆ ದಾರಿ ಪತ್ತೆ ಮಾಡಿದ್ದು ನನಗಂತೂ ಹೊಸದು.

ಕೊನೆಗೆ ಎರಡು ತುದಿಗೆ ಲ್ಯಾಪ್‌ಟಾಪ್ ಹಾಕಿ ಸ್ಟ್ಯಾಟಿಕ್ ರೂಟ್ ಕೊಟ್ಟು ಒಂದು ಎಂಬಿಯ ಫೋಟೋ ಕಳಿಸಿದೆವು. ಎರಡು ನಿಮಿಷ ದಾಟಿತು. ಅಳಿಯ ಮೊದಲು ಹಾಳಾಯಿತು ಅಂದುಕೊಂಡ. ಇಲ್ಲ ಮಾರಾಯ, 64 ಕೆಬಿಪಿಎಸ್ ಅಂದರೆ ಇಷ್ಟೇ, ಇದರಲ್ಲೇ ಇಡೀ ಆಫೀಸು ನಡೆಯುತ್ತಿತ್ತು ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಖರ್ಚು: ರೌಟರಿಗೆ 2500 (ಕೇಬಲ್ ರಾಶಿ ಕಾಕ ಸುಮ್ನೆ ಕೊಟ್ಟದ್ದು), ಸೀರಿಯಲ್ ಕೇಬಲ್ 850, ಎಫ್‌ಟಿಡಿಐ 780, ಆಲ್ಕೋಹಾಲ್ 120, ಕ್ರಿಂಪ್ ಕನೆಕ್ಟರ್ 40, ರಿಕ್ಷಾ 180. ಒಟ್ಟು 4470. ಗುಜರಿಯಲ್ಲೇ ಮೂರನೇ ಫೀಮೇಲ್ ಸಿಕ್ಕಿದ್ದರೆ, ಬ್ರೇಕ್ ಉಪಾಯ ಮೊದಲೇ ನೆನಪಾಗಿದ್ದರೆ 2840ಕ್ಕೆ ಮುಗಿಯುತ್ತಿತ್ತು.

ಈಗ ಪ್ರತಿ ಕೇಬಲಿನ ಎರಡು ತುದಿಗೂ ಅಳಿಯ ಚೀಟಿ ಕಟ್ಟಿದ್ದಾನೆ, ಆ ತಂತಿಯಲ್ಲಿ ನಡೆಯುವ ನಂಬರು ಬರೆದು. ನಾಲ್ಕೂ ಪೆಟ್ಟಿಗೆ ಇನ್ವರ್ಟರಿನ ಪಾಯಿಂಟಿನಲ್ಲಿವೆ, ಗುಡುಗಿದರೆ ಪ್ಲಗ್ ಕೀಳುವುದು ಅಕ್ಕನ ಜವಾಬ್ದಾರಿ. ಪಂಪ್‌ವೆಲ್ಲಿನ 1/3 ಖಾಲಿ ಇದೆ. ಅದಕ್ಕೆ ಪುತ್ತೂರು ಅಂತ ಹೆಸರೂ ಇಟ್ಟಾಗಿದೆ. ಫೀಮೇಲ್ ಕೇಬಲ್ ಬಂದರೆ ತೆಗೆದಿಡಿ ಅಂತ ಕಾಕನಿಗೆ ಹೇಳಿ ಬಂದಿದ್ದೇನೆ.